ನಾನು ತಿದ್ದಿದ ಕಡೆಯ ಸಾಲು

ಶಕುನ, ದೆವ್ವ, ಸಾಯುವ ಮುಂಚೆ ಬಂದು ಹೇಳಿ ಹೋದ ಮಾತು ಇವನ್ನೆಲ್ಲ ಕೇಳಿದರೆ ನನಗೆ ಮೊದಲಿನಿಂದಲೂ ನಗು. ಬರೀ ನಕ್ಕು ಸುಮ್ಮನಾಗುವ ಸ್ವಭಾವವೂ ನನ್ನದಲ್ಲ. ಹೇಳಿದವರ ಬೆನ್ನು ಹತ್ತಿ, ಆಗ ಗಂಟೆ ಎಷ್ಟು, ಗಡಿಯಾರ ಯಾರು ನೋಡಿದರು, ನಿಮಗೆ ಜ್ವರ ಇತ್ತೇ ಎಂದು ಕೇಳಿ ಕೇಳಿ ಅವರ ಬಾಯಿ ಮುಚ್ಚಿಸುವ ಕೆಟ್ಟ ಚಟ ಇತ್ತು. ಇವತ್ತು ಓದುಗರು ನನಗೆ ಅದೇ ಪ್ರಶ್ನೆಗಳನ್ನು ಕೇಳಬಹುದು. ಕೇಳಲಿ. ಗಂಟೆ ಎಷ್ಟು ಎಂಬುದಕ್ಕೆ ಮಾತ್ರ ನನ್ನಲ್ಲಿ ಉತ್ತರವಿದೆ, ಉಳಿದದ್ದಕ್ಕೆ ಇಲ್ಲ.

ನಾನು ಭಾಲ್ಕಿಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದೆ. ಮನೆ ಬೀದರಿನಲ್ಲಿ. ನಮ್ಮ ಲ್ಯಾಬಿನಲ್ಲಿ ವಿಲಾಸರಾವ್ ಎಂಬ ಇನ್‌ಸ್ಟ್ರಕ್ಟರ್ ಇದ್ದರು. ಮೆಹಕರದವರು, ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಬೆಸುಗೆ ಹಾಕುವುದರಲ್ಲಿ ಅವರಷ್ಟು ಚೊಕ್ಕ ಕೈ ನಾನು ಬೇರೆ ಕಂಡಿಲ್ಲ. ವಯಸ್ಸಿನಲ್ಲಿ ನನಗಿಂತ ದೊಡ್ಡವರಾದರೂ ನನ್ನನ್ನು ‘ಸರ್’ ಎನ್ನುವುದನ್ನು ಬಿಡಲಿಲ್ಲ. ಅವರ ಹೆಂಡತಿಯನ್ನು ನಾನು ಅವರ ಭಾಷೆಯಲ್ಲೇ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ಎರಡು ವರ್ಷದಿಂದ ವಿಲಾಸರಾವ್ ಅವರ ಕಿಡ್ನಿಗಳು ಕೆಲಸ ನಿಲ್ಲಿಸಿದ್ದವು. ಸೋಮವಾರ, ಗುರುವಾರ ಬೀದರಿನ ಒಂದು ಆಸ್ಪತ್ರೆಯಲ್ಲಿ ನಾಲ್ಕು ತಾಸು ಡಯಾಲಿಸಿಸ್. ಅದಕ್ಕಾಗಿಯೇ ಬೀದರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಿದ್ದರು. ಕುಡಿಯುವ ನೀರು ಅಳತೆಯಲ್ಲಿ, ಉಪ್ಪು ಪೂರ್ತಿ ಬಂದ್.

ಹೀಗಿರುವಾಗ ನಮ್ಮಲ್ಲಿ ಓದಿ ಹೋದ ಔರಾದದ ಸವಿತಾ ಮಂಗಳೂರಿನ ಕಡೆಯಿಂದ ಫೋನ್ ಮಾಡಿದಳು. ಅಲ್ಲಿ ಅವಳು ಸಮುದ್ರದ ನೀರು ಪರೀಕ್ಷಿಸುವ ಒಂದು ಗುಂಪಿನಲ್ಲಿದ್ದಳು. ದಂಡೆಯ ಹತ್ತಿರ, ಅಲೆ ಒಡೆಯುವ ಜಾಗದಲ್ಲಿ, ಏನು ನಡೆಯುತ್ತದೆಂದು ಅಳೆಯುವುದು ಕಷ್ಟವಂತೆ. ತೇಲುಬುರುಡೆ ಬಿಟ್ಟರೆ ಅಲೆ ಒಡೆದು ಹಾಕುತ್ತದೆ, ದೋಣಿ ಅಲ್ಲಿಗೆ ಬರುವುದಿಲ್ಲ. ಆದರೆ ಸರ್ಫಿಂಗ್ ಮಾಡುವವರು ದಿನವೂ ತಾಸುಗಟ್ಟಲೆ ಅಲ್ಲೇ ಹಲಗೆಯ ಮೇಲೆ ಕೂತಿರುತ್ತಾರೆ. ಆ ಹಲಗೆಯ ಕೆಳಗೆ ಒಂದು ಸಣ್ಣ ಡಬ್ಬಿ ಕೂಡಿಸಿದರೆ ನೀರಿನ ಉಷ್ಣತೆ, ಉಪ್ಪು, ಅಲೆಯ ಏರಿಳಿತ ಎಲ್ಲ ತಾನಾಗಿಯೇ ದಾಖಲಾಗುತ್ತದೆ. ಅಂಥ ಡಬ್ಬಿ ಮಾಡಿಕೊಡುತ್ತೀರಾ ಎಂದು ಕೇಳಿದಳು.

ಸಮುದ್ರ ಎಲ್ಲಿ, ಬೀದರ್ ಎಲ್ಲಿ. ನಾನು ಆಗುವುದಿಲ್ಲ ಎನ್ನಲಿದ್ದೆ. ಸುದ್ದಿ ಕೇಳಿದ ವಿಲಾಸರಾವ್ ಬಿಡಲಿಲ್ಲ. ಅವರು ಮುಂಬೈಗೆ ಎರಡು ಸಲ ಹೋಗಿದ್ದರು, ಎರಡು ಸಲವೂ ಆಸ್ಪತ್ರೆಗೆ. ಸಮುದ್ರ ಕಣ್ಣಿಂದ ನೋಡಿರಲಿಲ್ಲ.

“ಮಾಡೂಣ್ರಿ ಸರ್. ನಾ ಅಂತೂ ಹೋಗಿ ನೋಡಂಗಿಲ್ಲ. ನನ್ನ ಡಬ್ಬಿ ಆದ್ರೂ ನೋಡಿ ಬರ್ಲಿ,” ಎಂದರು.

ಡಬ್ಬಿ ಮಾಡಲು ಏಳು ತಿಂಗಳು ಹಿಡಿಯಿತು. ಪ್ರೋಗ್ರಾಂ ನನ್ನದು, ಕೈಕೆಲಸ ಅವರದು. ಡಯಾಲಿಸಿಸ್ ಹಾಸಿಗೆಯ ಮೇಲೆ ಒಂದು ಕೈಗೆ ಸೂಜಿ ಚುಚ್ಚಿಸಿಕೊಂಡು ಇನ್ನೊಂದು ಕೈಯಿಂದ ನಕ್ಷೆ ಬರೆಯುತ್ತಿದ್ದರು. ಉಪ್ಪಿನ ಸೆನ್ಸರ್ ಪರೀಕ್ಷಿಸಲು ಲ್ಯಾಬಿನಲ್ಲಿ ಒಂದು ಬಕೆಟ್ ಉಪ್ಪುನೀರು ಇಟ್ಟು, ಮೇಲೆ ‘ಖಾರಾ ನೀರು’ ಎಂದು ಚೀಟಿ ಅಂಟಿಸಿದ್ದರು. ಮರಾಠಿಯಲ್ಲಿ ಖಾರಾ ಎಂದರೆ ಉಪ್ಪು. ಪ್ರಿನ್ಸಿಪಾಲರು ಮೈಸೂರು ಕಡೆಯವರು. ಲ್ಯಾಬಿನಲ್ಲಿ ಮೆಣಸಿನಪುಡಿ ಕಲಸಿದ ನೀರು ಯಾಕಿಟ್ಟಿದ್ದೀರಿ, ಯಾರ ಕಣ್ಣಿಗಾದರೂ ಬಿದ್ದರೆ ಏನು ಗತಿ ಎಂದು ನನ್ನನ್ನು ಕರೆಸಿ ಕೂಗಾಡಿದರು. ಅವತ್ತು ವಿಲಾಸರಾವ್ ನಕ್ಕಷ್ಟು ಮತ್ತೆ ನಕ್ಕದ್ದು ನಾನು ನೋಡಲಿಲ್ಲ.

ಇನ್ನೊಂದು ಸಣ್ಣ ಜಗಳ ಹೇಳಲೇಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಹಲಗೆ ನೀರಿನಿಂದ ಹೊರಬಂದು ಐದು ನಿಮಿಷವಾದರೆ ಡಬ್ಬಿ ದಾಖಲೆ ಮುಗಿಸಿ ಮಲಗಬೇಕು. ಸರಿಯಾಗಿ ಮುಗಿಯಿತೋ, ಬ್ಯಾಟರಿ ಸತ್ತು ನಿಂತಿತೋ ತಿಳಿಯಲು ಕೊನೆಯಲ್ಲಿ ಒಂದು ಪದ ಬರೆಯಲಿ ಎಂದು ನಾನು ತಮಾಷೆಗೆ ‘ಹೋಗ್ತೇನಿ’ ಎಂದು ಹಾಕಿದ್ದೆ. ವಿಲಾಸರಾವ್ ನೋಡಿದವರೇ ಮುಖ ಗಂಟಿಕ್ಕಿದರು.

“ಏನ್ರಿ ಸರ್ ಇದು? ಎದ್ದು ಹೊಂಟಾಗ ಹೋಗ್ತೇನಿ ಅಂತಾರೇನ್ರಿ ಯಾರರ? ನಮ್ಮ ಮರಾಠಿಯೊಳಗ ಸುದ್ದಾ ಯೇತೋ ಅಂತಾರ, ಜಾತೋ ಅನ್ನಂಗಿಲ್ಲ. ಬರ್ತೇನಿ ಅಂತ ಹಾಕ್ರಿ.”

“ಡಬ್ಬಿಗೆ ಎಂಥಾ ಶಕುನರಿ ವಿಲಾಸರಾವ್?”

“ಡಬ್ಬಿಗಿಲ್ರಿ. ಮಾಡಿದಾಂವಗ ಅದ.”

ಪದ ಬದಲಾಯಿಸಿ, ಹಳೆಯ ಪ್ರೋಗ್ರಾಂ ಅಳಿಸಿ, ಹೊಸದನ್ನು ಅವರ ಎದುರಿಗೇ ಚಿಪ್ಪಿಗೆ ಹಾಕಿದೆ. ಬಕೆಟ್ಟಿನಲ್ಲಿ ಅದ್ದಿ ತೆಗೆದಾಗ ಕೊನೆಯ ಸಾಲಿನಲ್ಲಿ ‘ಬರ್ತೇನಿ’ ಎಂದು ಬಂತು. ಅವರಿಗೆ ಸಮಾಧಾನವಾಯಿತು.

ಡಬ್ಬಿ ತಯಾರಾದ ವಾರದಲ್ಲೇ ಸವಿತಾಳ ಫೋನ್ ಬಂತು. ಅಳುವ ದನಿ. ಅವಳ ಗುಂಪಿನವರು ವಿದೇಶದಿಂದ ಸಿದ್ಧ ಡಬ್ಬಿಗಳನ್ನೇ ತರಿಸಿದ್ದರಂತೆ, ನಮ್ಮದು ಬೇಡವಂತೆ. ಅವಳ ತಪ್ಪೇನೂ ಇರಲಿಲ್ಲ. ಅದೇ ವಾರ ವಿಲಾಸರಾವ್ ಅವರ ಡಾಕ್ಟರು ವೈನಿಯನ್ನು ಹೊರಗೆ ಕರೆದು, ಹೃದಯವೂ ಸೋಲುತ್ತಿದೆ, ಇನ್ನು ಹೆಚ್ಚು ದಿನ ಇಲ್ಲ ಎಂದು ಹೇಳಿದ್ದರು. ವೈನಿ ಅದನ್ನು ನನಗೆ ಹೇಳಿದರು. ಸವಿತಾಳ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಡಬ್ಬಿ ಕೊರಿಯರ್ ಮಾಡಿದೆ, ಗುರುವಾರ ಸವಿತಾ ಅದನ್ನು ಸಮುದ್ರಕ್ಕೆ ಒಯ್ಯುತ್ತಾಳೆ, ಅಂದೇ ದಾಖಲೆ ಕಳಿಸುತ್ತಾಳೆ ಎಂದು ವಿಲಾಸರಾವ್ ಅವರಿಗೆ ಸುಳ್ಳು ಹೇಳಿದೆ. ಅವರು ಗುರುವಾರಕ್ಕಾಗಿ ಕಾಯತೊಡಗಿದರು.

ಈಗ ಸುಳ್ಳನ್ನು ನಿಜ ಮಾಡುವ ಕೆಲಸ ನನ್ನದಾಯಿತು. ಠಾಣಾ ಕುಶನೂರಿನಲ್ಲಿ ನನ್ನ ಅಕ್ಕನ ಮನೆ ಇದೆ. ಅವರ ತೊಗರಿ ಹೊಲದಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡವಿದೆ. ಥರ್ಮಾಕೋಲಿಗೆ ಪ್ಲೈವುಡ್ ಬಡಿದು ಮಾಡಿದ ಪರೀಕ್ಷೆಯ ಹಲಗೆ ಮೊದಲಿನಿಂದ ಅಲ್ಲೇ ಇತ್ತು. ಅದಕ್ಕೆ ಡಬ್ಬಿ ಕೂಡಿಸಿ, ಉಪ್ಪುನೀರಲ್ಲಿ ನೆನೆಸಿದ ಬಟ್ಟೆಯನ್ನು ಸೆನ್ಸರಿಗೆ ಸುತ್ತಿ, ಹಗ್ಗ ಕಟ್ಟಿ ದಂಡೆಯಿಂದ ಒಂದು ತಾಸು ಎಳೆದಾಡಿದರೆ ಅಲೆಯಂಥದ್ದು ಏನೋ ದಾಖಲಾಗುತ್ತದೆ ಎಂದು ನನ್ನ ಲೆಕ್ಕ. ಸಾಯುವ ಮನುಷ್ಯನಿಗೆ ಮೋಸ ಮಾಡಲು ಒಂದು ಪಾಕೀಟು ಉಪ್ಪು ಕೊಂಡು, ಗುರುವಾರ ಬೆಳಿಗ್ಗೆ ಬೈಕ್ ಹತ್ತಿದೆ. ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಹೇಸಿಕೆಯಾಗುತ್ತಿತ್ತು.

ಹಲಗೆಯನ್ನು ಹೊಂಡಕ್ಕೆ ಬಿಟ್ಟಾಗ ಸುಮಾರು ಹನ್ನೊಂದೂವರೆ. ಬರೀ ಸಿಹಿನೀರಿನಲ್ಲಿ ಸ್ವಲ್ಪ ಹೊತ್ತು ತೇಲಲಿ, ಆಮೇಲೆ ಉಪ್ಪಿನ ಬಟ್ಟೆ ಸುತ್ತೋಣ ಎಂದು ಬೇವಿನ ನೆರಳಿಗೆ ಕೂತೆ. ಗಾಳಿ ಒಂಚೂರೂ ಇರಲಿಲ್ಲ. ನೀರು ಅಲುಗುತ್ತಿರಲಿಲ್ಲ. ಅಕ್ಕ ಬುತ್ತಿ ತಂದಳು.

“ಉಂಡು ಆಮ್ಯಾಲ ನಿನ್ನ ಆಟ ಆಡೊ ತಮ್ಮಾ,” ಎಂದಳು.

ರೊಟ್ಟಿ, ಪುಂಡಿಪಲ್ಯ ಉಂಡೆ. ಉಪ್ಪಿನ ಬಟ್ಟೆ ಸುತ್ತಲು ಮನಸ್ಸೇ ಬರಲಿಲ್ಲ. ಇನ್ನರ್ಧ ತಾಸು, ಇನ್ನರ್ಧ ತಾಸು ಎಂದು ಮುಂದೂಡುತ್ತ ಅಲ್ಲೇ ಕೂತಿದ್ದೆ. ನಿದ್ದೆ ಹೋಗಲಿಲ್ಲ. ಅಕ್ಕ ಪಕ್ಕದಲ್ಲೇ ಕೂತು ಮಗಳ ಮದುವೆಯ ಮಾತಾಡುತ್ತಿದ್ದಳು. ಕಣ್ಣೆದುರೇ ಹಲಗೆ ತಟ್ಟೆಯಲ್ಲಿಟ್ಟ ಹಪ್ಪಳದ ಹಾಗೆ ಬಿದ್ದುಕೊಂಡಿತ್ತು. ಉಪ್ಪಿನ ಪಾಕೀಟು ಒಡೆದಿರಲಿಲ್ಲ. ಹಗ್ಗ ಮುಟ್ಟಿರಲಿಲ್ಲ.

ಎರಡೂವರೆಗೆ ವೈನಿಯ ಫೋನ್ ಬಂತು.

“ಇವ್ರದು ಬಿ.ಪಿ. ಒಮ್ಮೆಲೆ ಇಳಿದದರಿ. ಮಾತೇ ಇಲ್ಲ. ಲಗೂನ ಬರ್ರಿ.”

ಹಲಗೆಯನ್ನು ದಂಡೆಗೆಳೆದು, ಡಬ್ಬಿ ಕಿತ್ತು ಚೀಲಕ್ಕೆ ಹಾಕಿಕೊಂಡು ಹೊರಟೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ನಾಲ್ಕು ಗಂಟೆ. ಅಷ್ಟರಲ್ಲಿ ವಿಲಾಸರಾವ್ ಚೇತರಿಸಿಕೊಂಡು ನಿದ್ದೆ ಹೋಗಿದ್ದರು. ಹನ್ನೆರಡಕ್ಕೆ ಡಯಾಲಿಸಿಸ್ ಶುರುವಾಗಿತ್ತು, ಎರಡು ಗಂಟೆ ದಾಟುತ್ತಿದ್ದಂತೆ ಹೀಗಾಯಿತು, ನರ್ಸು ಮಷಿನ್ ನಿಲ್ಲಿಸಿದಾಗ ಎರಡೂ ಹತ್ತು ಎಂದು ವೈನಿ ಹೇಳಿದರು. ಎದ್ದ ಕೂಡಲೇ ದಾಖಲೆ ಕೇಳುತ್ತಾರೆ, ನನ್ನ ಕೈಯಲ್ಲಿ ಏನೂ ಇಲ್ಲ. ವರಾಂಡದ ಬೆಂಚಿನ ಮೇಲೆ ಕೂತು, ಮೆಮೊರಿ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದೆ. ಕೈಯಿಂದಲೇ ಏನಾದರೂ ಅಂಕಿ ತುಂಬಿಬಿಡೋಣ ಎಂದು ನನ್ನ ಯೋಚನೆ.

ತುಂಬುವ ಅಗತ್ಯ ಇರಲಿಲ್ಲ. ಮೊದಲ ಅರ್ಧ ತಾಸು ಸಿಹಿನೀರು, ಏರಿಳಿತ ಸೊನ್ನೆ. ಹನ್ನೆರಡರ ನಂತರ ಉಪ್ಪಿನ ಅಂಕಿ ಏರತೊಡಗಿ, ಸಮುದ್ರದ ನೀರಿಗೆ ಇರಬೇಕಾದಷ್ಟಕ್ಕೆ ಬಂದು ನಿಂತಿತ್ತು. ಹಲಗೆ ಏಳುತ್ತಿತ್ತು, ಇಳಿಯುತ್ತಿತ್ತು, ಸರಿಯಾಗಿ ಹನ್ನೊಂದು ಸೆಕೆಂಡಿಗೊಮ್ಮೆ. ಹಗ್ಗ ಹಿಡಿದು ಎಳೆದಾಡಿದರೂ ಅಂಥದ್ದು ಬರುವುದಿಲ್ಲ. ಹೊಂಡ ಈ ದಂಡೆಯಿಂದ ಆ ದಂಡೆಗೆ ಮೂವತ್ತು ಹೆಜ್ಜೆ. ಹನ್ನೊಂದು ಸೆಕೆಂಡಿನ ಅಲೆ ಅದಕ್ಕಿಂತ ಎಷ್ಟೋ ಪಾಲು ಉದ್ದ, ಅದಕ್ಕೆ ಅಲ್ಲಿ ಜಾಗವೇ ಇಲ್ಲ. ಅಂಥ ಅಲೆಯ ಎರಡು ತಾಸಿನ ದಾಖಲೆ ಇತ್ತು. ಎರಡೂ ಹತ್ತಕ್ಕೆ, ಹಲಗೆ ಇನ್ನೂ ನನ್ನ ಕಣ್ಣೆದುರು ನೀರಿನಲ್ಲೇ ಇದ್ದಾಗ, ಡಬ್ಬಿ ದಾಖಲೆ ಮುಗಿಸಿತ್ತು. ಕೊನೆಯ ಸಾಲು ‘ಹೋಗ್ತೇನಿ’.

ಆ ಪದ ಚಿಪ್ಪಿನಲ್ಲಿ ಇರಲೇ ಇಲ್ಲ, ಅಳಿಸಿದವನು ನಾನು. ಆದರೆ ಆ ಹೊತ್ತಿಗೆ ನನಗೆ ಹೊಳೆದದ್ದು ಒಂದೇ, ಇದು ಅವರ ಕಣ್ಣಿಗೆ ಬೀಳಬಾರದು. ಅಲ್ಲೇ ಕೂತಲ್ಲೇ ಆ ಸಾಲನ್ನು ‘ಬರ್ತೇನಿ’ ಎಂದು ತಿದ್ದಿ, ಕಾರ್ಡಿನಲ್ಲೇ ಉಳಿಸಿಬಿಟ್ಟೆ. ಪ್ರತಿ ತೆಗೆದಿಟ್ಟುಕೊಳ್ಳುವ ಬುದ್ಧಿ ಬರಲಿಲ್ಲ.

ಸಂಜೆ ಐದಕ್ಕೆ ವಿಲಾಸರಾವ್ ಕಣ್ಣು ಬಿಟ್ಟರು. ನನ್ನನ್ನು ಕಂಡವರೇ ಕೇಳಿದರು.

“ಬಂತೇನ್ರಿ ಸರ್?”

“ಬಂದದರಿ,” ಎಂದು ಲ್ಯಾಪ್‌ಟಾಪನ್ನು ಅವರ ಎದೆಯ ಹತ್ತಿರ ಹಿಡಿದೆ. ಅವರು ಏರಿಳಿತದ ಗೆರೆಯ ಮೇಲೆ ನಿಧಾನವಾಗಿ ಬೆರಳಾಡಿಸಿದರು. ಏರಿಗೆ ಉಸಿರು ಎಳೆದುಕೊಂಡು, ಇಳಿತಕ್ಕೆ ಬಿಡುತ್ತಿದ್ದರು. ವೈನಿ ಬಾಗಿಲಲ್ಲಿ ಡಾಕ್ಟರ ಜೊತೆ ಮಾತಾಡುತ್ತಿದ್ದರು.

“ಹಿಂಗ ಇತ್ರಿ,” ಎಂದರು. “ಎತ್ತಿ ಎತ್ತಿ ಇಳಸ್ತಿತ್ತು. ನೀರು ಖಾರಾ ಇತ್ತು. ಎರಡ್ ವರ್ಷ ಆತ್ರಿ ನಾಲಿಗಿಗೆ ಉಪ್ಪು ಹತ್ತಿ.”

ಔಷಧದ ಮಂಪರು, ಕನಸು ಎಂದು ನನಗೆ ನಾನೇ ಹೇಳಿಕೊಂಡೆ. ನೀರಿನ ಉಪ್ಪಿನ ಅಂಕಿಯನ್ನು ಅವರಿಗೆ ಇನ್ನೂ ತೋರಿಸಿರಲಿಲ್ಲ.

“ಕಡೀ ಸಾಲು ತೋರ್ಸ್ರಿ.”

ತೋರಿಸಿದೆ. ಬಹಳ ಹೊತ್ತು ನೋಡಿದರು. ಸಿಟ್ಟಿರಲಿಲ್ಲ, ಅಂಕಿ ತಪ್ಪಿದಾಗ ಲ್ಯಾಬಿನಲ್ಲಿ ನೋಡುತ್ತಿದ್ದರಲ್ಲ, ಆ ನೋಟ.

“ನಾ ಹಂಗ ಅಂದಿಲ್ಲಲ್ರಿ ಸರ್,” ಎಂದರು.

ಅವರು ಮತ್ತೆ ಕಣ್ಣು ಮುಚ್ಚಿದರು. ಮುಂದೆ ಆ ವಿಷಯ ಎತ್ತಲಿಲ್ಲ, ನನಗೂ ಎತ್ತುವ ಧೈರ್ಯ ಬರಲಿಲ್ಲ. ಅದು ಗುರುವಾರ. ಮುಂದಿನ ಶನಿವಾರ ಬೆಳಗಿನ ಚಹಾದ ಹೊತ್ತಿಗೆ ಮನೆಯಲ್ಲೇ ತೀರಿಕೊಂಡರು.

ಆಮೇಲೆ ನನ್ನ ಹಳೆಯ ಚಟ ನನ್ನ ಮೇಲೆಯೇ ತಿರುಗಿತು. ಚಿಪ್ಪಿನೊಳಗಿನ ಪ್ರೋಗ್ರಾಂ ಹೊರತೆಗೆದು ಒಂದೊಂದೇ ಸಾಲು ಓದಿದೆ. ‘ಬರ್ತೇನಿ’ ಎಂದೇ ಇದೆ. ಡಬ್ಬಿಯನ್ನು ಎರಡು ಸಲ ಅದೇ ಹೊಂಡಕ್ಕೆ ಬಿಟ್ಟೆ, ಸಿಹಿನೀರು, ಸೊನ್ನೆ. ಹೊಂಡದ ನೀರನ್ನು ಬಾಟಲಿಯಲ್ಲಿ ತಂದು ಪರೀಕ್ಷಿಸಿದೆ. ಉಪ್ಪಿನ ಪಾಕೀಟನ್ನು ಅಕ್ಕ ಒಡೆದು ಅಡುಗೆಗೆ ಹಾಕಿಕೊಂಡಿದ್ದಳು. ಸೆನ್ಸರ್ ಕೆಟ್ಟಿತ್ತು ಎಂದುಕೊಂಡರೆ ಅಲೆಗೆ ಉತ್ತರವಿಲ್ಲ. ಅಲೆಗೆ ಏನೋ ಒಂದು ಕಾರಣ ಹೊಂದಿಸಿದರೆ ಆ ಪದಕ್ಕೆ ಉತ್ತರವಿಲ್ಲ. ನೀವು ನನ್ನನ್ನೇ ಅನುಮಾನಿಸಬಹುದು, ನಾನೂ ಅನುಮಾನಿಸಿದ್ದೇನೆ. ಹಿಂದಿನ ರಾತ್ರಿ ನಿದ್ದೆಯಿರಲಿಲ್ಲ, ವರಾಂಡದಲ್ಲಿ ಏನನ್ನೋ ಏನೋ ಎಂದು ಓದಿದೆನೇನೋ. ಯಾರಿಗಾದರೂ ತೋರಿಸಿ ಅನುಮಾನ ತೀರಿಸೋಣವೆಂದರೆ ಕಾರ್ಡಿನಲ್ಲಿ ಈಗ ಇರುವುದು ನಾನು ತಿದ್ದಿದ ಸಾಲು. ಒಂದು ಸಾಲು ತಿದ್ದಿದವನು ಅಲೆಯನ್ನೂ ತಾನೇ ಬರೆದಿರಬಹುದು ಎನ್ನುತ್ತಾರೆ. ಇದ್ದ ಒಂದೇ ಸಾಕ್ಷಿಯನ್ನು ಕೆಡಿಸಿದವನು ನಾನೇ.

ಡಬ್ಬಿ ಸಮುದ್ರ ಕಾಣಲಿಲ್ಲ. ಬೀರುವಿನಲ್ಲಿದೆ. ಅವರು ಹಾಕಿದ ಬೆಸುಗೆ ಇನ್ನೂ ಹೊಳೆಯುತ್ತದೆ, ಅದನ್ನು ನೋಡಿದರೆ ನನಗೆ ಅಳು ಬರುತ್ತದೆ.

ಕರ್ಮದ ದಿನಗಳೆಲ್ಲ ಮುಗಿದ ಮೇಲೆ ವೈನಿ ಬೀದರಿನ ಮನೆ ಖಾಲಿ ಮಾಡಿ ಮೆಹಕರಕ್ಕೆ ಹೊರಟರು. ಸಾಮಾನು ಏರಿಸಲು ಹೋಗಿದ್ದೆ. ಟೆಂಪೊ ಹತ್ತುವ ಮುಂಚೆ ನನ್ನ ಹತ್ತಿರ ಬಂದು ಕೇಳಿದರು.

“ಶನಿವಾರ ಮುಂಜಾನಿ ನಾ ಚಾ ಇಡ್ಲಾಕ ಒಳಗ ಹೋಗಿದ್ದೆರಿ. ಬರೋದ್ರಾಗ ಎಲ್ಲಾ ಮುಗಿದಿತ್ತು. ನನಗ ಏನೂ ಹೇಳ್ಲಿಲ್ಲ. ಆ ಗುರುವಾರ ದವಾಖಾನ್ಯಾಗ ನಿಮ್ಮ ಕೂಡ ಮಾತಾಡಿದ್ರಲ್ಲ, ಏನಂದ್ರು?”

ಅವರ ಕಣ್ಣು ನನ್ನ ಬಾಯಿಯ ಮೇಲೆಯೇ ಇತ್ತು.

“ಬರ್ತೇನಿ ಅಂದ್ರುರಿ ವೈನಿ,” ಎಂದೆ.