ಬಿಸಿ ತಿಳಿಯದ ಕೈ

ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಬೆಂಕಿಕೈ ಎಂದೇ. ಕಾದ ರೋಲರುಗಳ ನಡುವಿನಿಂದ ಹಬೆಯಾಡುತ್ತ ಹೊರಬರುವ ಚಾದರವನ್ನು ಬರಿಗೈಯಲ್ಲಿ ಹಿಡಿದೆಳೆದು ಮಡಿಸುವುದು ಅವಳ ಕೆಲಸ. ಕೈಗವಸು ಕೊಟ್ಟಿದ್ದರು, ಇಲ್ಲವೆನ್ನುವಂತಿಲ್ಲ. ಹಾಕಿಕೊಂಡರೆ ಬಟ್ಟೆಯ ಅಂಚು ಕೈಗೆ ಸಿಗುವುದಿಲ್ಲ, ಯಂತ್ರ ಕಾಯುವುದಿಲ್ಲ, ಸೂಪರ್‌ವೈಸರ್ ಬಾಯಿ ಸುಮ್ಮನಿರುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಗಾದೆ ಕಟ್ಟಿದ ಮಹಾನುಭಾವರು ಒಂದು ದಿನ ಅಲ್ಲಿ ನಿಂತು ನೋಡಬೇಕಿತ್ತು. ಊರವರ ಹಾಸಿಗೆಯನ್ನೆಲ್ಲ ಮಡಿಸುವವಳಿಗೆ ಕಾಲು ಚಾಚಲು ಪುರುಸೊತ್ತೇ ಇರಲಿಲ್ಲ.

ಗಾರೆ ಕೆಲಸದ ಗಂಡ ಮೇಲಿನಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಸಂಸಾರದ ನೊಗಕ್ಕೆ ಇವಳೊಬ್ಬಳೇ. ರೋಲರಿನ ಮುಂದೆ ನಿಲ್ಲುವವರಿಗೆ ಬಿಸಿಭತ್ಯೆ ಎಂದು ಒಂದಿಷ್ಟು ಹೆಚ್ಚಿಗೆ ಕೊಡುತ್ತಿದ್ದರು. ಗಂಡನ ಮಾತ್ರೆ ನಡೆಯುತ್ತಿದ್ದುದು ಅದರಿಂದಲೇ. ಕೆಳಗಡೆ ಫ್ಯಾನಿನಡಿ ಕೂತು ಬಟ್ಟೆಗಂಟಿಗೆ ಚೀಟಿ ಕಟ್ಟುವ ಜಾಗ ಎರಡು ಸಲ ಖಾಲಿಯಾಗಿತ್ತು, ಎರಡು ಸಲವೂ ಮ್ಯಾನೇಜರು ಇವಳನ್ನೇ ಕೇಳಿದ್ದರು. ಅಲ್ಲಿ ಭತ್ಯೆ ಇಲ್ಲ. "ನಂಗೆ ಬಿಸೀನೇ ಒಗ್ಗಿದೆ ಬಿಡಿ ಸಾರ್" ಎಂದು ನಕ್ಕು, ಟಾಯ್ಲೆಟ್ಟಿನ ಬಾಗಿಲು ಹಾಕಿಕೊಂಡು ಅತ್ತಿದ್ದಳು.

ಒಂದು ಬೆಳಗ್ಗೆ ಮಗಳು ಹಾಸಿಗೆ ಬಿಟ್ಟು ಏಳಲಿಲ್ಲ.

"ಅಮ್ಮಾ, ಮೈಯೆಲ್ಲ ಹೇಗೋ ಆಗ್ತಿದೆ. ಜ್ವರ ಬಂದಿದೆ ಅನ್ಸುತ್ತೆ."

ಹಣೆ ಮುಟ್ಟಿ ನೋಡಿದಳು. ತಣ್ಣಗಿತ್ತು. ಕತ್ತು ಮುಟ್ಟಿದಳು, ಅದೂ ತಣ್ಣಗಿತ್ತು.

"ಜ್ವರಾನೂ ಇಲ್ಲ ಗಿರಾನೂ ಇಲ್ಲ. ಪರೀಕ್ಷೆ ಅಂತ ನಾಟಕ ಆಡ್ಬೇಡ, ಏಳು!"

ಗಂಡ ಮಾತ್ರೆಯ ಮಂಪರಿನಲ್ಲಿದ್ದ. ಮಗಳಿಗೆ ಗಡಿಬಿಡಿಯಲ್ಲಿ ಜಡೆ ಹೆಣೆದು, ರಟ್ಟೆ ಹಿಡಿದು ನಡೆಸಿಕೊಂಡು ಹೋಗಿ ಶಾಲೆಗೆ ಬಿಟ್ಟು ಕೆಲಸಕ್ಕೆ ಓಡಿದಳು. ರಜೆ ಹಾಕಿದರೆ ಭತ್ಯೆ ಹೋದೀತೆಂಬ ಯೋಚನೆ ಮನಸ್ಸಿನ ಮೂಲೆಯಲ್ಲಿ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹಣೆ ತಣ್ಣಗಿದ್ದದ್ದೂ ಅವಳ ಪಾಲಿಗೆ ಅಷ್ಟೇ ನಿಜ.

ಮಧ್ಯಾಹ್ನ ಶಾಲೆಯಿಂದ ಫೋನು ಬಂತು. ಮಗು ತರಗತಿಯಲ್ಲೇ ಬಿದ್ದು ಕೈಕಾಲು ಸೆಟೆದುಕೊಂಡಿತ್ತು, ಆಸ್ಪತ್ರೆಗೆ ಸೇರಿಸಿದ್ದರು. ಇವಳು ಎದ್ದೆನೋ ಬಿದ್ದೆನೋ ಎಂದು ಆಸ್ಪತ್ರೆಗೆ ಬಂದಾಗ ನರ್ಸು ಒದ್ದೆ ಬಟ್ಟೆಯಿಂದ ಮಗುವಿನ ಮೈ ಒರೆಸುತ್ತಿದ್ದಳು.

"ಕೆಂಡ ಸುಟ್ಟಂಗೆ ಸುಡ್ತಿದೆ ಮಗು. ಬೆಳಗ್ಗೆ ಒಂದ್ಸಲ ಮುಟ್ಟಿ ಕೂಡ ನೋಡ್ಲಿಲ್ವೇನಮ್ಮಾ ನೀವು?"

"ನೋಡ್ದೆ ಸಿಸ್ಟರ್, ದೇವ್ರಾಣೆ ನೋಡ್ದೆ."

ಮತ್ತೆ ಅಂಗೈ ಇಟ್ಟಳು. ಈಗಲೂ ತಣ್ಣಗೇ ಇತ್ತು. ಬಗ್ಗಿ ಕೆನ್ನೆ ತಾಗಿಸಿದಳು. ಸುಟ್ಟುಹೋಗುವಷ್ಟು ಬಿಸಿ. ಇಷ್ಟು ದಿನ ಹೊಗಳಿಸಿಕೊಂಡ ಆ ಎರಡು ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಕಂಕುಳಲ್ಲಿ ಅವುಚಿಕೊಂಡು ಅಳತೊಡಗಿದಳು.

ಮಗು ಹುಷಾರಾಯಿತು. ಈ ಸಲ ಅವಳೇ ಹೋಗಿ ಕೆಳಗಿನ ಜಾಗ ಕೇಳಿದಳು, ಪುಣ್ಯಕ್ಕೆ ಸಿಕ್ಕಿತು ಕೂಡ. ಫ್ಯಾನಿನಡಿ ಕೂತಳು. ಆದರೆ ಗಾಳಿ ಹೊಟ್ಟೆ ತುಂಬಿಸುವುದಿಲ್ಲ. ಮಗಳ ಆಸ್ಪತ್ರೆ ಖರ್ಚೂ ಹೆಗಲಿಗೇರಿತ್ತು. ಗಂಡ ಯಾರಿಗೂ ಹೇಳದೆ ಮಾತ್ರೆ ಅರ್ಧ ಮಾಡಿ ನುಂಗುತ್ತಿದ್ದುದನ್ನು ಒಂದು ದಿನ ಕಣ್ಣಾರೆ ಕಂಡಳು. ಸಂಬಳದ ದಿನ ತಾನಾಗಿಯೇ ಮತ್ತೆ ರೋಲರಿನ ಮಹಡಿಗೆ ಹತ್ತಿದಳು.

"ಏನಮ್ಮ ಬೆಂಕಿಕೈ, ಕೂತು ಕೂತು ಬೇಜಾರಾಯ್ತಾ?" ಎಂದ ಸೂಪರ್‌ವೈಸರ್. ಅವಳು ಚಾದರದ ಅಂಚು ಹಿಡಿದಳು.

ಕೆಲವು ತಿಂಗಳಾದ ಮೇಲೆ, ಒಂದು ಸಂಜೆ ಕೆಲಸ ಮುಗಿಸಿ ಮನೆಯ ಮೆಟ್ಟಿಲು ಹತ್ತುತ್ತಿದ್ದವಳಿಗೆ ಮೇಲಿನಿಂದ ಮಗಳ ದನಿ ಕೇಳಿಸಿತು. ಪಕ್ಕದ ಮನೆಯ ಅಜ್ಜಿಯ ಮುಂದೆ ತಲೆ ಬಗ್ಗಿಸಿ ನಿಂತಿದ್ದಳು ಹುಡುಗಿ.

"ಅಜ್ಜಿ, ಹಣೆ ಸ್ವಲ್ಪ ಮುಟ್ಟಿ ನೋಡಿ, ಜ್ವರ ಇದೆಯಾ? ಅಮ್ಮಂಗೆ ಹೇಳ್ಬೇಡಿ, ಬೇಜಾರ್ ಮಾಡ್ಕೋತಾಳೆ."

"ಏನಿಲ್ಲ ಕಣೇ ಪುಟ್ಟಿ, ತಣ್ಣಗಿದೆ."

ಮಗಳು ಒಳಗೆ ಹೋಗುವವರೆಗೂ ತಾಯಿ ಆ ಮೆಟ್ಟಿಲಿನ ಮೇಲೆಯೇ ನಿಂತಿದ್ದಳು.