ಅಣ್ಣನಿಗಿಂತ ಮೊದಲು ಹೊರಟ ಚೀಲ

ಮಂಕು ಕವಿದದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ‘ಡಿಸ್ಮಲ್’ ಎಂಬ ಪದವಿದೆ. ಅದರ ಲ್ಯಾಟಿನ್ ಮೂಲಕ್ಕೆ ‘ಕೆಟ್ಟ ದಿನಗಳು’ ಎಂದರ್ಥ. ಹಿಂದೆ ಯುರೋಪಿನ ಪಂಚಾಂಗಗಳಲ್ಲಿ ತಿಂಗಳಿಗೆ ಎರಡು ದಿನಗಳನ್ನು ಅಶುಭವೆಂದು ಗುರುತಿಸುತ್ತಿದ್ದರಂತೆ. ಆ ದಿನಗಳ ಹೆಸರೇ ಸವೆದು ಮೋಡದ ಹವೆಗೂ ಬಾಡಿದ ಮುಖಕ್ಕೂ ಅಂಟಿಕೊಂಡಿತು. ಎಂ.ಎ. ಓದುವಾಗ ಇದನ್ನು ತಿಳಿದು ಆ ಜನರನ್ನು ನೆನೆದು ನಕ್ಕಿದ್ದೆ. ತಿಂಗಳಿಗೆ ಎರಡೇ ಎಂದು ಕೇಳಿದರೆ ನಮ್ಮ ಮನೆಯವರು ಅವರನ್ನು ನಾಸ್ತಿಕರ ಸಾಲಿಗೆ ಸೇರಿಸುತ್ತಿದ್ದರು.

ನುಗ್ಗೇಹಳ್ಳಿ ಪಕ್ಕದ ನಮ್ಮೂರಿನಲ್ಲಿ ಕಳೆದ ವರ್ಷ ಅಣ್ಣ ಮಾತು ಬಿಟ್ಟ. ತೋಟಕ್ಕೆ ಹೋಗಲಿಲ್ಲ, ತಟ್ಟೆಯ ಮುದ್ದೆ ಮುರಿಯಲಿಲ್ಲ, ಜಗಲಿಯ ಕಂಬಕ್ಕೆ ಒರಗಿ ಕೂತವನು ಕರೆದರೂ ತಿರುಗುತ್ತಿರಲಿಲ್ಲ. ಅವನು ಬಾವಿಯ ಕಡೆ ನಡೆದರೆ ಅತ್ತಿಗೆ ಕೈಲಿದ್ದ ಕೆಲಸ ಬಿಟ್ಟು ಹಿಂದೆಯೇ ಹೋಗುತ್ತಿದ್ದಳು. ಹಾಸನದ ಮನೋವೈದ್ಯರಿಗೆ ತೋರಿಸೋಣವೆಂದು ನಾನು ಪಟ್ಟು ಹಿಡಿದೆ.

ಯಾರೂ ಬೇಡವೆನ್ನಲಿಲ್ಲ. ದಿನ ಮಾತ್ರ ಸಿಗಲಿಲ್ಲ. ಅಮಾವಾಸ್ಯೆ ಎಂದರು. ಅದು ಕಳೆಯಿತು, ಅಷ್ಟಮಿ ಬಂತು, ಅದರ ಬೆನ್ನಿಗೆ ನವಮಿ. ಹೊಳೆನರಸೀಪುರದ ಅತ್ತೆ ಪಂಚಾಂಗವನ್ನು ಮೊಬೈಲಿನಲ್ಲೇ ಇಟ್ಟುಕೊಂಡಿದ್ದಾಳೆ. ವಿಜ್ಞಾನ ಇಷ್ಟೆಲ್ಲ ಬೆಳೆದದ್ದು ಅವಳಿಗೆ ರಾಹುಕಾಲ ತಿಳಿಸಲಿಕ್ಕೆ. ಕೊನೆಗೆ ಡಾಕ್ಟರು ಬರಹೇಳಿದ ದಿನ ಮಂಗಳವಾರ. ಅಥವಾ ಶನಿವಾರವೋ? ನನ್ನ ನೆನಪು ನಂಬುವಂಥದ್ದಲ್ಲ. ಅವ್ವನ ಮಾತು ಕಿವಿಯಲ್ಲಿರುವುದರಿಂದ ಮಂಗಳವಾರ ಎನ್ನುತ್ತಿದ್ದೇನೆ.

“ಮಂಗ್ಳಾರ ಮಗನ್ನ ಒಸ್ಲು ದಾಟ್ಸಾಕಿಲ್ಲ ಕಣ್ಲಾ.”

ಅತ್ತೆ ಫೋನಿನಲ್ಲಿ ದಾರಿ ತೋರಿಸಿದಳು: ಪರಸ್ಥಾನ. ಹೊರಡುವವನ ಬಟ್ಟೆಯ ಚೀಲವನ್ನು ಒಳ್ಳೆಯ ಗಳಿಗೆಯಲ್ಲಿ ಬೇರೆ ಮನೆಯಲ್ಲಿ ಇಟ್ಟುಬಂದರೆ ಪ್ರಯಾಣ ಆಗಲೇ ಆದಂತೆ. ಆಮೇಲೆ ಅವನು ಯಾವ ದಿನ ಹೋದರೂ ದೋಷವಿಲ್ಲ. ಗ್ರಹಗಳಿಗೆ ನಡುಗುವ ಜನ ಗ್ರಹಗಳಿಗೇ ಟೋಪಿ ಹಾಕುವ ಬಗೆ ಇದು. ಮನುಷ್ಯ ಯಾವುದು, ಚೀಲ ಯಾವುದು ಎಂದು ಮಂಗಳನಿಗೆ ತಿಳಿಯುವುದಿಲ್ಲ ಎಂಬ ಧೈರ್ಯ ಬೇರೆ. ಸೋಮವಾರ ಸಂಜೆ ಅವ್ವ ಅಣ್ಣನ ಲುಂಗಿ, ಟವೆಲು, ಒಂದು ತೆಂಗಿನಕಾಯಿ ತುಂಬಿ, ಚೀಲಕ್ಕೆ ಕುಂಕುಮ ಹಚ್ಚಿ ಎದುರುಮನೆಯಲ್ಲಿ ಇಟ್ಟುಬಂದಳು. ಅಣ್ಣ ಎಲ್ಲವನ್ನೂ ನೋಡುತ್ತ ಕೂತಿದ್ದ.

ನಾನು ಲ್ಯಾಟಿನ್ ಕತೆ ಹೇಳಿ ಹಂಗಿಸಿದೆ. ಅವ್ವನಿಗೆ ಸಮಾಧಾನವೇ ಆಯಿತು.

“ಇಂಗ್ಲೀಸ್‌ನೋರೂ ದಿನ ನೋಡ್ತಿದ್ರು ಅಂತಾಯ್ತಲ್ಲ. ಮತ್ತೆ ನಿಂದೇನ್ಲಾ?”

ನನ್ನ ಎಂ.ಎ. ಅವಳ ಪರವಾಗಿ ಸಾಕ್ಷಿ ನುಡಿಯಿತು.

ಮರುದಿನ ಬೆಳಿಗ್ಗೆ ಚನ್ನರಾಯಪಟ್ಟಣದ ಬಸ್ಸಿಗೆ ಹೊತ್ತಾದರೂ ಅಣ್ಣ ಕಂಬ ಬಿಡಲಿಲ್ಲ. ರಟ್ಟೆ ಹಿಡಿದು ಎಳೆದೆ. ಎಷ್ಟೋ ವಾರಗಳ ಮೇಲೆ ಅವನು ಬಾಯಿ ಬಿಟ್ಟ.

“ನಾನು ನೆನ್ನೇನೇ ಓಗಿವ್ನಿ ಕಣ್ಲಾ. ಇನ್ಯಾಕೆ ಎಳೀತೀಯ?”

ನಾನು ರಟ್ಟೆ ಬಿಟ್ಟೆ. ಅವ್ವ ಬಿಡಲಿಲ್ಲ.

“ಓಗಿದ್ದೀಯ, ಸರಿ ಮಗ. ಚೀಲ ಒಂದೇ ಕುಂತದೆ ಅಲ್ಲಿ. ಎತ್ಕೋ ಓಗು.”

ಅಣ್ಣ ಎದುರುಮನೆಯ ಬಾಗಿಲನ್ನೇ ಸ್ವಲ್ಪ ಹೊತ್ತು ನೋಡಿದ. ಎದ್ದ. ಮಂಗಳವಾರವೇ ಜಗಲಿ ಇಳಿದು, ಬೀದಿ ದಾಟಿ, ಚೀಲವನ್ನು ಹೆಗಲಿಗೇರಿಸಿಕೊಂಡು ಬಸ್ಸಿನ ಕಡೆ ನಡೆದ.

ಆಗ ಅವನು ನಕ್ಕ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ನಗಲಿಲ್ಲ ಎನ್ನುತ್ತಾಳೆ ಅತ್ತಿಗೆ. ಇರಬಹುದು. ಹಾಸನದವರೆಗೂ ಆ ಚೀಲದ ತೆಂಗಿನಕಾಯಿ ನನ್ನ ಪಕ್ಕೆಗೆ ಒತ್ತುತ್ತಿದ್ದದ್ದು ಮಾತ್ರ ನಿಜ.