ನಾಯಿಯ ಸಿನೆಮಾಕ್ಕೆ ಸರಕಾರದ ದುಡ್ಡು

ಐವತ್ತರ ದಶಕದ ಕೊನೆಗೆ ನಾನು ವ್ಯಾನಿನಲ್ಲಿ ಊರೂರು ಸುತ್ತಿ ಸರಕಾರಿ ಸಿನೆಮಾ ತೋರಿಸುತ್ತಿದ್ದೆ. ಒಂದು ಮಧ್ಯಾಹ್ನ ನೆರಿಯ ಎಂಬ ಹಳ್ಳಿಯ ಶಾಲೆಯಲ್ಲಿ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ ಕತ್ತಲೆ ಮಾಡಿ, ಬ್ರಿಟಿಷರ ಒಂದು ಚಿತ್ರ ಹಾಕಿದೆ. ಅದರಲ್ಲಿ ಹಾಡಿಲ್ಲ, ಹೊಡೆದಾಟವಿಲ್ಲ. ಒಂದು ನಾಯಿ ಅರ್ಧ ಗಂಟೆ ಕುರಿ ಅಟ್ಟುತ್ತದೆ, ಅಷ್ಟೆ. ಕೊನೆಯ ಕುರಿ ದೊಡ್ಡಿ ಸೇರಿದಾಗ ಜನ ಚಪ್ಪಾಳೆ ತಟ್ಟಿದರು.

ಆಫೀಸಿಗೆ ಕಳಿಸುವ ಫಾರಂ ತೆಗೆದು 'ಜನರಿಗೆ ಹಿಡಿಸಿತು' ಎಂದು ಬರೆಯಹೊರಟೆ. ಮುಂದಿನ ಬೆಂಚಿನಲ್ಲಿದ್ದ ಮೋನಪ್ಪ ಗೌಡರು ತಡೆದರು.

"ಇದಕ್ಕೆ ದುಡ್ಡು ಹಾಕಿದ್ದು ಯಾರು?"

"ಅಲ್ಲಿಯ ಸರಕಾರ."

"ಹಾಗಾದ್ರೆ ಹಿಡಿಸಲಿಲ್ಲ ಅಂತ ಬರೀರಿ ಮಾರಾಯ್ರೆ. ಜನ ಮೆಚ್ಚುವ ಸಿನೆಮಾಕ್ಕೆ ಸಾಹುಕಾರರೇ ದುಡ್ಡು ಹಾಕ್ತಾರೆ. ಯಾರಿಗೂ ಬೇಡದ್ದಕ್ಕೆ ಮಾತ್ರ ಸರಕಾರ ಬೇಕು. ಹಿಡಿಸಿತು ಅಂತ ಗೊತ್ತಾದ್ರೆ ಕೊಡುವುದನ್ನು ನಿಲ್ಲಿಸ್ತಾರೆ. ಪಾಪದ ನಾಯಿಯ ಹೊಟ್ಟೆ ಮೇಲೆ ಹೊಡೆಯುವುದು ಯಾಕೆ?"

ಚಪ್ಪಾಳೆ ತಟ್ಟಿದವರೆಲ್ಲ ಹೌದು ಹೌದು ಎಂದರು. ನಾನು 'ಹಿಡಿಸಲಿಲ್ಲ' ಎಂದೇ ಬರೆದೆ.

ತಿಂಗಳೊಳಗೆ ಆಫೀಸಿನಿಂದ ಆದೇಶ ಬಂತು: ನೆರಿಯದವರಿಗೆ ಹಿಡಿಸುವ ತನಕ ಅದೇ ಚಿತ್ರವನ್ನು ತೋರಿಸತಕ್ಕದ್ದು.

ಐದನೆಯ ಸಲ ಹೋದಾಗ ಗೌಡರು ತಮ್ಮ ನಾಯಿಯನ್ನೂ ಕರಕೊಂಡು ಬಂದು ಮುಂದಿನ ಬೆಂಚಿನಲ್ಲಿ ಕೂರಿಸಿದ್ದರು. ಅದು ಕೊನೆಯ ತನಕ ಬಾಲ ಅಲ್ಲಾಡಿಸುತ್ತ ನೋಡಿತು. ಅದಕ್ಕೂ ಹಿಡಿಸಲಿಲ್ಲ ಎಂದು ಬರೆದುಕೊಂಡೆ.